ಕನ್ನಡ ಬಾರದ ನಮ್ಮ ಚಿಗವ್ವನ ಪರವಾಗಿ

ಬೆಂಗಳೂರಿನಿಂದ ಮಹಾಕೂಟಕ್ಕೆ ಬಂದುಹೋದ ಕನ್ನಡ ಕಲಿಕೆಯ ವಿದ್ಯಾರ್ಥಿಗಳಿಗೆ,

ನಾನು ದೇವಸ್ಥಾನದ ಬಾಗಿಲ ಬಳಿ ತಮ್ಮನ ಕಾಯಿ-ಕರ್ಪೂರದ ಅಂಗಡಿಯಲ್ಲಿ ಕೂತಿದ್ದ ಮುದುಕ. ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಿಮ್ಮ ಹೆಸರಾಗಲಿ, ನಿಮ್ಮ ತರಗತಿಯ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ತಪ್ಪು ನಮ್ಮದೇ ಆಗಿರುವಾಗ ನಿಮ್ಮ ಮರ್ಯಾದೆಯನ್ನು ಯಾಕೆ ಬೀದಿಗೆ ತರಬೇಕು? ಈ ಪತ್ರ ಬರೆಯುತ್ತಿರುವುದೇ ಕ್ಷಮೆ ಕೇಳಲಿಕ್ಕೆ.

ನಿಮಗೆ ಬೇಕಾಗಿದ್ದದ್ದು ಒಬ್ಬರು ‘ನೇಟಿವ್ ಸ್ಪೀಕರ್’, ಐದು ನಿಮಿಷದ ವಿಡಿಯೊ, ಹತ್ತು ಪ್ರಶ್ನೆ. ಪುಷ್ಕರಣಿಯ ಕಡೆಯಿಂದ ಬಂದವರು ಬುಟ್ಟಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಕುಡಿಕೆ ಮೊಸರು ಇಟ್ಟುಕೊಂಡು ಕೂತಿದ್ದ ನಮ್ಮ ಚಿಗವ್ವನನ್ನು ಆರಿಸಿದಿರಿ. ಇಳಕಲ್ ಸೀರೆಯ ಕೆಂಪು ಸೆರಗಿಗೆ ಕರೀ ಗುಂಡಿಯಂಥ ಮೈಕು ಸಿಕ್ಕಿಸಿದಿರಿ. ಅವಳು ಅಭ್ಯಾಸಬಲದಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಮೈಕು ಕಿವಿಯ ಹಿಂದೆ ಹೋಯಿತು. ಮತ್ತೆ ಸಿಕ್ಕಿಸಿದಿರಿ, ಮತ್ತೆ ಎಳೆದುಕೊಂಡಳು. ಎಪ್ಪತ್ತು ವರ್ಷದ ರೂಢಿ, ಕ್ಷಮಿಸಿ.

“ನೀವು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?”

“ನಸುಕಿನ್ಯಾಗ ಏಳ್ತೀನ್ರೀ. ಕಸಾ ಹೊಡದು, ಸಾರಿಸಿ, ರೊಟ್ಟಿ ಬಡ್ಯಾಕ ಕುಂದರತೀನಿ.”

“ನಿಮ್ಮ ಹವ್ಯಾಸಗಳೇನು?”

“ಹಂತಾ ಚಟಾ ಏನಿಲ್ರೀ ಯಪ್ಪಾ. ತಂಬಾಕ ಒಂದೈತಿ.”

ಆಗ ನಿಮ್ಮಲ್ಲಿ ಕ್ಯಾಮೆರಾ ಹಿಡಿದಿದ್ದ ಹುಡುಗ ಕೈ ಎತ್ತಿ ನಿಲ್ಲಿಸಿ, ಬಹಳ ವಿನಯದಿಂದ ಹೇಳಿದ: “ಅಜ್ಜಿ, ದಯವಿಟ್ಟು ಸ್ವಲ್ಪ ಕನ್ನಡದಲ್ಲಿ ಹೇಳಿ.”

ಚಿಗವ್ವ ನನ್ನ ಕಡೆ ತಿರುಗಿದಳು. “ನಾ ಈಗ ಯಾವ ಭಾಷಾದಾಗ ಮಾತಾಡಿದ್ನೋ ತಮ್ಮಾ?”

ನನಗೂ ಗಾಬರಿಯಾಯಿತು. ಮಾಸ್ತರನಾಗಿದ್ದಾಗ ‘ಬರತೀನಿ’ ಎಂದು ಬರೆದ ಮಕ್ಕಳ ಪಾಟಿಯ ಮೇಲೆ ‘ಬರುತ್ತೇನೆ’ ಎಂದು ತಿದ್ದಿದ ಕೈ ಇದೇ. ತಿದ್ದಿ ಮನೆಗೆ ಬಂದು ‘ಬರತೀನಿ’ ಎಂದೇ ಮಾತಾಡುತ್ತಿದ್ದೆ. ಆದ್ದರಿಂದ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ.

ವಿಡಿಯೊ ಆಮೇಲೆ ನಮ್ಮ ಮೊಮ್ಮಗನ ಮೊಬೈಲಿಗೂ ಬಂತು. ‘ರೊಟ್ಟಿ ಬಡ್ಯಾಕ ಕುಂದರತೀನಿ’ ಎಂಬಲ್ಲಿ ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಅವನೇ ಬಿಡಿಸಿ ಹೇಳಿದ: ಅಜ್ಜಿ ಕೂತುಕೊಂಡು ರೊಟ್ಟಿಗೆ ಹೊಡೆಯುತ್ತಾರೆ. ಚಿಗವ್ವನಿಗೆ ಇದು ಅಷ್ಟೇನೂ ತಪ್ಪೆನಿಸಲಿಲ್ಲ. ಇನ್ನೊಂದು ಮಾತ್ರ ನೋವಾಯಿತು. “ನಿಮ್ಮ ಕುಟುಂಬದ ಬಗ್ಗೆ ಹೇಳಿ” ಎಂದು ಕೇಳಿದಿರಲ್ಲ, ಅವಳು ತನ್ನ ಅವ್ವನ ಅವ್ವನಿಂದ ಶುರುಮಾಡಿದ್ದಳು. ಅವ್ವನ ತನಕ ಬರುವಷ್ಟರಲ್ಲಿ ಕತ್ತರಿ ಬಿದ್ದಿದೆ. ಅವಳ ಸರದಿ ಬರಲೇ ಇಲ್ಲ.

ಇಲ್ಲಿಯ ಹೆಂಗಸರು ಅಜ್ಜಿಯಿಂದ ಶುರುಮಾಡುವುದು ಇವತ್ತಿನದಲ್ಲ. ನೀವು ನೆರಳಿಗೆ ನಿಂತು ಫೋಟೊ ತೆಗೆಸಿಕೊಂಡಿರಲ್ಲ, ಆ ಮಹಾಕೂಟೇಶ್ವರ ಗುಡಿಯ ಮುಖಮಂಟಪದಲ್ಲಿ ಒಂದು ಶಾಸನವಿದೆ. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ (696–733) ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ರತ್ನದ ಪೀಠ, ಬೆಳ್ಳಿಯ ಛತ್ರ ಕೊಟ್ಟ ಸಂಗತಿ ಅದರಲ್ಲಿದೆ. ಮನೆತನ ಹೇಳುವಾಗ ಅವಳೂ ಮೊದಲು ಹೇಳುವುದು ‘ಮುದುತಾಯ್’, ಅಂದರೆ ಅಜ್ಜಿ, ರೇವಮಂಚಲೆಯ ಹೆಸರು, ಆಮೇಲೆ ತಾಯಿ ಕುಚಿಪೋಟಿ, ಕೊನೆಗೆ ತಾನು. ಎಲ್ಲವೂ ಕನ್ನಡದಲ್ಲಿ. ಕೊರೆದವನು ನಡುವೆ ನಿಲ್ಲಿಸಿ “ಹೊತ್ತಾಯಿತು, ನಿಮ್ಮ ಬಗ್ಗೆ ಮಾತ್ರ ಹೇಳಿ” ಎನ್ನಲಿಲ್ಲ, ಸದ್ಯ.

ನಿಮಗೆ ನಿಜಕ್ಕೂ ಹಿಡಿಸುವಂಥದ್ದು ಚಾಲುಕ್ಯ ಅರಸ ಮಂಗಳೇಶನ ಕಂಬ. 602ರಲ್ಲಿ ಇಲ್ಲಿ ನೆಟ್ಟದ್ದು. ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿ ಇಲ್ಲಿಯ ದೇವರು ಮಕುಟೇಶ್ವರನಿಗೆ ಹತ್ತು ಹಳ್ಳಿ ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಲಿಪಿ ಕನ್ನಡ, ಭಾಷೆ ಸಂಸ್ಕೃತ, ಒಂದು ಮಾತೂ ಊರಿನವರ ಬಾಯಿಂದ ಬಂದದ್ದಲ್ಲ. ಅದಕ್ಕೇ ಇರಬೇಕು, ಅದನ್ನು ಎತ್ತಿಕೊಂಡು ಹೋಗಿ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ವಿನಾಪೋಟಿಯ ಮಾತನ್ನು ಯಾರೂ ಒಯ್ಯಲಿಲ್ಲ.

ಆ ಕಂಬದ ಬರಹವನ್ನು ಓದಿ ಪ್ರಕಟಿಸಿದವನು ಜಾನ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಅವನೂ ನಿಮ್ಮ ಹಾಗೆ ಹೊರಗಿನಿಂದ ಬಂದು ಕನ್ನಡ ಕಲಿತವನು. 1880ರ ದಶಕದಲ್ಲಿ ನಮ್ಮ ಸೀಮೆಯ ಲಾವಣಿಗಳನ್ನು, ಹಲಗಲಿ ಬೇಡರದ್ದನ್ನೂ ಸಂಗೊಳ್ಳಿ ರಾಯಣ್ಣನದ್ದನ್ನೂ ಸೇರಿಸಿ, ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚುಹಾಕಿಸಿದ. ತನ್ನದೇ ಸರ್ಕಾರದ ವಿರುದ್ಧ ಎದ್ದವರ ಹಾಡು, ಅದೂ ಒರಟು ಆಡುಮಾತಿನಲ್ಲಿ. ಪಾಪ, ಅವನಿಗೆ ‘ಸ್ವಲ್ಪ ಕನ್ನಡದಲ್ಲಿ ಹಾಡ್ರಿ’ ಎನ್ನಲು ಹೊಳೆದಂತಿಲ್ಲ. ನಿಮ್ಮಂಥ ತರಗತಿಗಳು ಆಗ ಇರಲಿಲ್ಲ.

ನಿಮ್ಮಲ್ಲಿ ಕನ್ನಡಕದ ಹುಡುಗಿ, ಈ ಪದ್ಧತಿ ವಿದೇಶಿ ಭಾಷೆ ಕಲಿಸುವವರದು, ತಾನು ಪೋರ್ಚುಗೀಸ್ ಕಲಿಯುವಾಗ ಹೀಗೇ ವಿಡಿಯೊ ಮಾಡಿದ್ದೆ, ಲಿಸ್ಬನ್ನಿನವರೊಬ್ಬರು, ಬ್ರೆಜಿಲಿನವರೊಬ್ಬರು ಸಿಕ್ಕಿದ್ದರು ಎಂದು ಹೇಳಿದಳು. ಲಿಸ್ಬನ್ನಿನವರು ಬಸ್ಸಿಗೆ ಔತುಕಾರ್ರು ಅಂದರೆ ಬ್ರೆಜಿಲಿನವರು ಓನಿಬುಸ್ ಅನ್ನುತ್ತಾರಂತೆ, ಎರಡಕ್ಕೂ ಮಾರ್ಕ್ಸ್ ಉಂಟಂತೆ. ತಂಗೀ, ಇದನ್ನು ಮೊದಲೇ ಹೇಳಬಾರದಿತ್ತೇ? ಕನ್ನಡದಲ್ಲಿ ಫೇಲಾದ ಚಿಗವ್ವನನ್ನು ಪೋರ್ಚುಗೀಸಿನಲ್ಲಿ ಪಾಸು ಮಾಡಿಸಬಹುದಿತ್ತು. ಅವಳು ಮನೆಗೆ ಕೀಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಚಾವಿ. ಸಂತೆಯಿಂದ ತರುವುದು ಬಟಾಟಿ, ಪೇರಲ. ನೀರು ತುಂಬುವುದು ಬಾಲ್ದಿಗೆ. ಅವಳ ಆ ಒಂದೇ ‘ಹವ್ಯಾಸ’ ತಂಬಾಕ. ಇವೆಲ್ಲ ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದ ಮಾತುಗಳು. ಅವಳ ಮಗ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗಿ ಇಪ್ಪತ್ತು ವರ್ಷವಾಯಿತು. ಬಾದಾಮಿ, ಹುನಗುಂದ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಪೋರ್ಚುಗೀಸರು 1961ರಲ್ಲೇ ಗೋವಾ ಬಿಟ್ಟರು, ಆದರೆ ಅವನು ತಿಂಗಳು ತಿಂಗಳು ಅವ್ವನಿಗೆ ಕಳಿಸುವುದು ಇವತ್ತಿಗೂ ಪಗಾರ. ಅದೂ ಅವರದೇ ಮಾತು.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮೇಲೆ ನನಗೆ ಸಿಟ್ಟಿದೆ. ಕ್ಯಾಮೆರಾ ಬಂದ್ ಮಾಡಿ ನೀವು ಉಣ್ಣಲು ಕೂತ ಆಮೇಲಿನ ಅರ್ಧ ತಾಸನ್ನು ಯಾಕೆ ಹಿಡಿಯಲಿಲ್ಲ? “ಇನ್ನೊಂದು ಹಾಕ್ಲ್ಯಾ?” ಎಂದು ಚಿಗವ್ವ ಕೇಳಿದಾಗ, ಅದೇ ಹುಡುಗ ಬಾಯಲ್ಲಿ ತುತ್ತು ಇಟ್ಟುಕೊಂಡೇ “ಸಾಕ್ರೀ ಯವ್ವಾ, ಹೊಟ್ಟಿ ತುಂಬೈತಿ” ಎಂದುಬಿಟ್ಟ. ಎಲ್ಲಿ ಕಲಿತನೋ, ಪಕ್ಕದ ಭಕ್ತರ ಬಾಯಿಂದ ಬಿದ್ದದ್ದನ್ನು ಎತ್ತಿಕೊಂಡನೋ. ಚಿಗವ್ವ ನಕ್ಕು ಇನ್ನೆರಡು ಹಾಕಿದಳು. ಅದಕ್ಕೆ ನಿಮ್ಮ ತರಗತಿಯಲ್ಲಿ ಎಷ್ಟು ಮಾರ್ಕ್ಸ್ ಇದೆಯೋ, ಹತ್ತರಲ್ಲಿ ಹತ್ತು ನನ್ನ ಕಡೆಯಿಂದ.

ಕೊನೆಗೊಂದು ವ್ಯವಹಾರದ ಮಾತು. ದಾರಿಗೆಂದು ಶೇಂಗಾ ಚಟ್ನಿ ಹಾಕಿ ಕೊಟ್ಟಿದ್ದಳಲ್ಲ, ಆ ಸ್ಟೀಲ್ ಡಬ್ಬಿ ವಾಪಸ್ ಬಂದಿಲ್ಲ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಹಾದಿ ಗೊತ್ತೇ ಇದೆ, ಬಾದಾಮಿಯಿಂದ 14 ಕಿಲೊಮೀಟರ್. ಗುರುತಿಗೆ ಹೇಳುತ್ತೇನೆ: ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದಿದೆ. ಮೊದಲು ಅವಳ ಅಜ್ಜಿಯದು, ಕೆಳಗೆ ಅವಳದು.

ಇಂತಿ,
ಕಾಯಿ ಅಂಗಡಿಯ ಮಾಸ್ತರ
ಮಹಾಕೂಟ