ಅರ್ಜಿ ರಾಯರು

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಬಾಗಿಲು ತಟ್ಟಿ, “ಇವ್ರೇ, ಎಪ್ಪತ್ತೆಂಟಿದೆ, ಬೇಗ ಬನ್ನಿ” ಎಂದು ಯಾರಾದರೂ ಕರೆದರೆ ನೀವು ಏನೆಂದುಕೊಳ್ಳುತ್ತೀರಿ? ಅದು ಸಕ್ಕರೆಯ ಅಂಕಿಯಾಗಿದ್ದರೆ ಮಧುಮೇಹಿಯಾದ ನಾನು ಕುಣಿದಾಡುತ್ತಿದ್ದೆ. ಆದರೆ ಅದು ಡೆಸಿಬಲ್. ಬನಿಯನ್ನಿನ ಮೇಲೆ ಶಾಲು ಹೊದ್ದು ಬಾಗಿಲಲ್ಲಿ ನಿಂತವರು ಅರ್ಜಿ ರಾಯರು.

ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇರುತ್ತಾರೆ. ನಿವೃತ್ತರು. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಫೈಲು, ಫೈಲಿನೊಳಗೆ ಪ್ರತಿ ಕಾಗದಕ್ಕೂ ಮೂರು ಜೆರಾಕ್ಸು. ಹಾಲು ಒಡೆದರೆ ಹಾಲಿನವನನ್ನು ಬೈಯುವುದಿಲ್ಲ. ಬರೆದುಕೊಟ್ಟು, ಎರಡನೇ ಪ್ರತಿಗೆ ಅವನ ರುಜು ಹಾಕಿಸಿಕೊಳ್ಳುತ್ತಾರೆ. ಟಪಾಲು ವಿಭಾಗದ ಸ್ವೀಕೃತಿ ಮುದ್ರೆ ಬಿದ್ದ ದಿನ ಅವರ ಮುಖದಲ್ಲಿ ತಿರುಪತಿಗೆ ಹೋಗಿಬಂದ ಕಳೆ.

ನಮ್ಮ ರಾಯರ ಎದುರಾಳಿ ಪಕ್ಕದ ಅಡ್ಡರಸ್ತೆಯ ಛತ್ರ. ಓಲಗವನ್ನು ಅವರು ಕ್ಷಮಿಸಿದ್ದರು. ಡಿ.ಜೆ.ಯನ್ನು ಕ್ಷಮಿಸಲಿಲ್ಲ. ಅದಕ್ಕಿಂತಲೂ ಕ್ಷಮಿಸದಿದ್ದದ್ದು ಪಾತ್ರೆ. ಡಿ.ಜೆ. ನಿಂತು, ನೆಂಟರು ಹೋಗಿ, ಇನ್ನೇನು ಕಣ್ಣು ಹತ್ತಬೇಕು ಅನ್ನುವಾಗ ಛತ್ರದ ಹಿತ್ತಲಲ್ಲಿ ಕೊಳದಪ್ಪಲೆ ತೊಳೆಯುವ ಕೆಲಸ ಶುರುವಾಗುತ್ತದೆ. ದೊಡ್ಡ ಮುಚ್ಚಳವೊಂದು ಸಿಮೆಂಟು ನೆಲಕ್ಕೆ ಬಿದ್ದು, ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ, ಕೊನೆಗೆ ಗಿರಗಿರನೆ ಸುತ್ತಿ ಸುಮ್ಮನಾಗುವ ತನಕ ಇಡೀ ಬೀದಿ ಹಾಸಿಗೆಯಲ್ಲಿ ಉಸಿರು ಬಿಗಿಹಿಡಿದಿರಬೇಕು. ಸುಮ್ಮನಾಯಿತು ಎಂದು ಮಗ್ಗುಲು ಬದಲಿಸಿದರೆ ಎರಡನೆಯ ಮುಚ್ಚಳ.

ಇದನ್ನೆಲ್ಲ ರಾಯರು ಯಾವುದೋ ಬ್ಯಾಂಕಿನ ಹಳೆಯ ಡೈರಿಯಲ್ಲಿ ಗೆರೆ ಎಳೆದು ದಾಖಲಿಸುತ್ತಿದ್ದರು. ತಾರೀಕು, ಸಮಯ, ಸದ್ದಿನ ಬಗೆ, ಡೆಸಿಬಲ್, ಸಾಕ್ಷಿ. ಕೊನೆಯ ಕಾಲಮ್ಮಿಗಾಗಿಯೇ ನನ್ನ ನಿದ್ದೆ ಬಲಿ. ಮೊಬೈಲಿನ ಆ್ಯಪನ್ನು ಕಿಟಕಿಯಿಂದಾಚೆ ಹಿಡಿದು “ನೋಡಿ, ನೋಡಿ!” ಎಂದು ಅವರು ಕೂಗಿದರೆ ಮುಳ್ಳು ಎಂಬತ್ತಮೂರಕ್ಕೆ ಹಾರುತ್ತಿತ್ತು. ಆ ಐದು ಡೆಸಿಬಲ್ ನಿಮ್ಮದೇ ರಾಯರೇ ಎನ್ನುವ ಧೈರ್ಯ ನನಗೆ ಬರಲಿಲ್ಲ. ರುಜು ಹಾಕಿದೆ.

ಕಾನೂನು ಅವರಿಗೆ ಕಂಠಪಾಠ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಎಂದರೆ 10ರಿಂದ ಬೆಳಗಿನ 6. ಸರ್ಕಾರ ಮನಸ್ಸು ಮಾಡಿದರೆ ಹಬ್ಬಹರಿದಿನಗಳಿಗೆ ವರ್ಷದಲ್ಲಿ 15 ದಿನ ಮಾತ್ರ ಧ್ವನಿವರ್ಧಕವನ್ನು ಮಧ್ಯರಾತ್ರಿಯವರೆಗೆ ಬಿಡಬಹುದು. “ಛತ್ರದವರು ಆ ಹದಿನೈದನ್ನ ಮಾಘ ಮಾಸದಲ್ಲೇ ಮುಗಿಸಿದಾರೆ ಇವ್ರೇ.” ಇಷ್ಟು ಗೊತ್ತಿದ್ದೂ ಅವರು ಅಲೆದದ್ದು ಕಡಿಮೆಯಲ್ಲ. ಉದ್ದಿಮೆ ಪರವಾನಗಿ ಪಾಲಿಕೆಯ ಆರೋಗ್ಯ ವಿಭಾಗದ್ದು, ಧ್ವನಿವರ್ಧಕ ಪೊಲೀಸರದ್ದು, ಅಳೆಯುವ ಯಂತ್ರ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಮುಚ್ಚಳ ಯಾರದ್ದು ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ.

ಅಂತೂ ಪರವಾನಗಿ ಮರುಪರಿಶೀಲನೆಗೆ ಬಂತು. ಸ್ಥಳ ಪರಿಶೀಲನೆಗೆ ಸಿಬ್ಬಂದಿ ಬಂದದ್ದು ಆಷಾಢದಲ್ಲಿ. ಮದುವೆಯಿಲ್ಲ, ಮುಂಜಿಯಿಲ್ಲ, ವೇದಿಕೆಯ ಮೇಲಿನ ಸಿಂಹಾಸನದಲ್ಲಿ ಒಂದು ಬೆಕ್ಕು ಮಲಗಿತ್ತು. “ಪರಿಶೀಲನಾ ಸಮಯದಲ್ಲಿ ಯಾವುದೇ ಶಬ್ದ ಕಂಡುಬಂದಿರುವುದಿಲ್ಲ” ಎಂದು ವರದಿ. ಶಬ್ದ ಕಂಡುಬರುವುದಿಲ್ಲ, ಕೇಳಿಬರುತ್ತದೆ ಎಂದು ರಾಯರು ಒಂದೂವರೆ ಪುಟದ ಆಕ್ಷೇಪಣೆ ಸಲ್ಲಿಸಿದರು. ಅಷ್ಟರಲ್ಲಿ 2025ರ ಸೆಪ್ಟೆಂಬರ್ 2 ಬಂತು. ಅರ್ಜಿ ಕೊಟ್ಟಾಗ ಒಂದಾಗಿದ್ದ ಪಾಲಿಕೆ ವಿಚಾರಣೆಯ ಹೊತ್ತಿಗೆ ಐದಾಗಿತ್ತು. ಐದರಲ್ಲಿ ನಮ್ಮದು ಯಾವುದೆಂದು ಬೀದಿಯಲ್ಲಿ ಮೊದಲು ತಿಳಿದುಕೊಂಡವರು ರಾಯರೇ.

ವಿಚಾರಣೆಯ ದಿನ ನಾನೂ ಹೋದೆ. ಛತ್ರದ ಮಾಲೀಕರು ಎದ್ದುನಿಂತು ಕೈಮುಗಿದರು. “ಸ್ವಾಮಿ, ನಿಮ್ಮ ಮಗಳ ಮದುವೆ ನಮ್ಮಲ್ಲೇ ಆಯ್ತಲ್ಲ. ಆವತ್ತೂ ಪಾತ್ರೆ ತೊಳೆದಿದ್ವಿ.” ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಅಧಿಕಾರಿ ಫೈಲು ತಿರುವುತ್ತ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರು. ಒಂದು, ಛತ್ರದಿಂದ ತೊಂದರೆಯಾಗಿದೆ ಎಂದು ನೆರೆಹೊರೆಯವರು ಕೊಟ್ಟ ದೂರು. ಇನ್ನೊಂದು, ಯಾವ ತೊಂದರೆಯೂ ಇಲ್ಲ ಎಂದು ಅದೇ ನೆರೆಹೊರೆಯವರು ಮಾಲೀಕರಿಗೆ ಬರೆದುಕೊಟ್ಟದ್ದು. “ಈ ನಾಲ್ಕನೇ ರುಜು ಎರಡರಲ್ಲೂ ಇದೆಯಲ್ಲ, ಯಾರದಿದು?”

ನನ್ನದು. ಮಾಲೀಕರು ಮೈಸೂರುಪಾಕಿನ ಡಬ್ಬಿ ಹಿಡಿದು ಮನೆಗೆ ಬಂದಿದ್ದರು. ಸಕ್ಕರೆ ಕಾಯಿಲೆ ಇದೆ ಎಂದೆ; ಮಕ್ಕಳಿಗಿರಲಿ ಎಂದರು. ಮನೆಗೆ ಬಂದವರಿಗೆ ಇಲ್ಲ ಅನ್ನುವುದು ಹೇಗೆ? ನಾಲ್ಕನೆಯವನಷ್ಟೇ ಅಲ್ಲ, ಹನ್ನೆರಡು ರುಜುಗಳಲ್ಲಿ ಒಂಬತ್ತು ಎರಡೂ ಕಡೆ ಇದ್ದವು ಎಂಬುದು ನನಗೆ ಆಮೇಲೆ ಸಮಾಧಾನ ಕೊಟ್ಟ ಸಂಗತಿ.

ಬರುವಾಗ ಆಟೋದಲ್ಲಿ ರಾಯರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ತಡೆಯಲಾರದೆ ನಾನೇ, “ಅಲ್ಲಾ ರಾಯರೇ, ಮಗಳ ಮದುವೇಲಿ ಹಾಯಾಗಿ ಓಡಾಡಿಕೊಂಡಿದ್ರಿ, ಈಗ ಯಾಕೆ ಇಷ್ಟು ಹಟ?” ಎಂದೆ. ಸಿಗ್ನಲ್ಲಿನ ಕಡೆ ನೋಡುತ್ತ ಹೇಳಿದರು. ಅವರ ಹೆಂಡತಿ ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದ ರಾತ್ರಿಯೇ ಛತ್ರದ ಮುಂದೆ ವರನ ಮೆರವಣಿಗೆಯ ಪಟಾಕಿ ಸರ ಹೊಡೆದಿತ್ತಂತೆ. ಆಕೆ ಬೆಳಗಿನವರೆಗೂ ಇವರ ಕೈ ಬಿಟ್ಟಿರಲಿಲ್ಲವಂತೆ. ಎರಡು ವರ್ಷದ ಫೈಲಿನಲ್ಲಿ ಈ ವಿಷಯ ಒಂದು ಸಾಲೂ ಇಲ್ಲ. “ಅದನ್ನೇ ಬರೀಬೇಕಿತ್ತು” ಎಂದೆ.

“ಅದು ನಿಯಮದಲ್ಲಿ ಬರಲ್ಲ ಇವ್ರೇ.”

ನಮ್ಮ ಮನೆ ಮುಂದಿನ ಬೀದಿದೀಪ ಉರಿಯುತ್ತಿರುವುದು ಅವರ ಹದಿನೇಳನೆಯ ಅರ್ಜಿಗೆ. ಮೋರಿಯ ಮೇಲೆ ಕಲ್ಲುಚಪ್ಪಡಿ ಬಂದದ್ದೂ ಹಾಗೆಯೇ. ಆ ಬೆಳಕಿನಲ್ಲಿ, ಆ ಚಪ್ಪಡಿಯ ಮೇಲೆ ನಿಂತುಕೊಂಡೇ ನಾವೆಲ್ಲ ರಾಯರ ಕಿರಿಕಿರಿಯ ಬಗ್ಗೆ ಮಾತಾಡುತ್ತೇವೆ.

ಛತ್ರದ ಪರವಾನಗಿ ರದ್ದಾಗಲಿಲ್ಲ. ಹತ್ತರ ನಂತರ ಧ್ವನಿವರ್ಧಕ ಕೂಡದು, ಪಾತ್ರೆಯನ್ನು ಗೋಡೆಯೊಳಗೆ ತೊಳೆಯಬೇಕು, ಜನರೇಟರಿಗೆ ಮುಚ್ಚಿಗೆ ಹಾಕಬೇಕು ಎಂಬ ಷರತ್ತುಗಳೊಂದಿಗೆ ಮುಂದುವರಿಯಿತು. ಅದರ ಹಿಂಬರಹದ ಪ್ರತಿಯನ್ನು ರಾಯರು ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ.

ಮುಂದಿನ ತಿಂಗಳು ನಮ್ಮ ಅಣ್ಣನ ಮಗನ ಆರತಕ್ಷತೆ ಅದೇ ಛತ್ರದಲ್ಲಿ. ಹುಡುಗರು ಡಿ.ಜೆ.ಗೆ ಮುಂಗಡ ಕೊಟ್ಟಾಗಿದೆ. ಲಗ್ನಪತ್ರಿಕೆ ಕೊಡಲು ಹೋದಾಗ ರಾಯರು ಅದನ್ನು ಎರಡೂ ಕಡೆ ಓದಿ, ಹೊಸ ಡೈರಿ ತೆಗೆದು ತಾರೀಕು ಬರೆದುಕೊಂಡರು. ಸಾಕ್ಷಿಯ ಕಾಲಂ ಖಾಲಿ ಬಿಟ್ಟಿದ್ದಾರೆ.