ಮಂಡಿ ನೋವಿನ ಹುಲಿ

ಬೆಳಗಿನ ಆರು ಗಂಟೆಗೆ ತುಮಕೂರಿನ ಯಾವ ಷಟಲ್ ಕೋರ್ಟಿಗೆ ಹೋದರೂ ಅವರು ಇದ್ದೇ ಇರುತ್ತಾರೆ. ವಯಸ್ಸು ಅರವತ್ತೆರಡೋ ಅರವತ್ತೈದೋ. ಬ್ಯಾಂಕಿನಿಂದಲೋ, ಬೆಸ್ಕಾಂ ಆದರೂ ಅವರ ಬಾಯಲ್ಲಿ ಇನ್ನೂ ಕೆಇಬಿಯಾಗಿಯೇ ಉಳಿದಿರುವ ಆಫೀಸಿನಿಂದಲೋ ರಿಟೈರ್ ಆದವರು. ಬಲ ಮಂಡಿಗೆ ನೀಕ್ಯಾಪು. ಹೊಟ್ಟೆ ಮಾತ್ರ ಅವರಿಗಿಂತ ಒಂದು ಹೆಜ್ಜೆ ಮುಂಚೆ ನೆಟ್ ತಲುಪುತ್ತದೆ. ಇಂಥವರು ಗುಬ್ಬಿಯಲ್ಲೂ ಒಬ್ಬರು, ಕುಣಿಗಲ್ಲಿನಲ್ಲೂ ಒಬ್ಬರು. ಎಲ್ಲರೂ ಕರೆಯುವುದು ‘ಸಾರ್’ ಎಂದೇ. ಇಲ್ಲೂ ಹಾಗೇ ಇರಲಿ.

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಹೊಸ ಬ್ಯಾಟು, ಹೊಸ ಶೂ ಹಾಕಿಕೊಂಡು ಬರುತ್ತಾನೆ. ಸಾರ್ ಕುರ್ಚಿಯಿಂದ ಎರಡು ಕಂತಿನಲ್ಲಿ ಏಳುತ್ತಾರೆ. “ನಮ್ದೇನಪ್ಪ, ವಯಸ್ಸಾಯ್ತು. ಸುಮ್ನೆ ಬೆವರು ಬರ್ಲಿ ಅಂತ. ಸ್ವಲ್ಪ ನಿಧಾನಕ್ಕೆ ಆಡಪ್ಪ.” ಹುಡುಗನ ಮನಸ್ಸು ಕರಗುತ್ತದೆ. ಹತ್ತು ನಿಮಿಷದಲ್ಲಿ ಆಟ ಮುಗಿದಿರುತ್ತದೆ: 21-8. ಬೆವರು ಬಂದಿರುವುದು ಹುಡುಗನಿಗೆ.

ಇದರ ಮರ್ಮ ಮಣಿಕಟ್ಟಿನಲ್ಲಿದೆ. ಸಾರ್ ಚಿಕ್ಕಂದಿನಲ್ಲಿ ಆಡಿದ್ದು ಬಾಲ್ ಬ್ಯಾಡ್ಮಿಂಟನ್. ಕಡೆಗೆ ಐದೈದು ಜನ, ಹಳದಿ ಉಣ್ಣೆಯ ಚೆಂಡು, ಶಾಲೆಯ ಮಣ್ಣಿನ ಅಂಗಳ. ಆ ಚೆಂಡನ್ನು ಕತ್ತರಿಸಿ ಕತ್ತರಿಸಿ ಪಳಗಿದ ಕೈಗೆ ಷಟಲ್ ಕಾಕು ಮನೆಯ ಬೆಕ್ಕಿನಂತೆ. ಒಂದು ಸಲ ನೆಟ್ಟಿನ ಆಚೆ ಗೇಣು ದೂರದಲ್ಲಿ ಉದುರಿಸುತ್ತಾರೆ, ಮರುಸಲ ತಲೆಯ ಮೇಲಿಂದ ಹಿಂದಿನ ಮೂಲೆಗೆ ಎತ್ತುತ್ತಾರೆ. ಹುಡುಗ ಕೋರ್ಟು ಗುಡಿಸುತ್ತಾ ಓಡುತ್ತಾನೆ. ಸಾರ್ ನಟ್ಟನಡುವೆ ತುಳಸಿಕಟ್ಟೆ. ಯಾರಾದರೂ ಆಕ್ಷೇಪಿಸಿದರೆ ಪ್ರಕಾಶ್ ಪಡುಕೋಣೆ ಹಾಜರು: “1980ರ ಆಲ್ ಇಂಗ್ಲೆಂಡ್ ಫೈನಲ್ಲಲ್ಲಿ ಆ ಲಿಯೆಮ್ ಸ್ವೀ ಕಿಂಗ್ ಎಂಥಾ ಸ್ಮ್ಯಾಶ್ ಹೊಡೆಯೋನು ಗೊತ್ತೇನಯ್ಯ? ನಮ್ ಪ್ರಕಾಶ್ ಹೊಡೆಯೋಕೇ ಬಿಡಲಿಲ್ಲ. 15-3, 15-10!” ಆ ಫೈನಲ್ಲಿನಲ್ಲಿ ತಾವೂ ಅರ್ಧ ಆಡಿದ್ದೆವೇನೋ ಎನ್ನುವ ಗತ್ತು.

ಮಿಕ್ಕಿದ್ದು ಅಭಿನಯ. ಹುಡುಗ ಸತತ ಮೂರು ಪಾಯಿಂಟ್ ಗಳಿಸಿದನೋ, ಸಾರ್ ಲೇಸು ಬಿಚ್ಚಿಕೊಳ್ಳುತ್ತದೆ. ನಾಲ್ಕನೆಯದಕ್ಕೆ ಕಾಕಿನ ಪುಕ್ಕ ಮುರಿದಿರುತ್ತದೆ. ಐದನೆಯದಕ್ಕೆ “ಸ್ಕೋರ್ ಎಷ್ಟಪ್ಪಾ?” ಎಂಬ ಮುಗ್ಧ ಪ್ರಶ್ನೆ. 11 ಪಾಯಿಂಟಿಗೆ ನಿಯಮದ ಪ್ರಕಾರ ಬಿಡುವು 60 ಸೆಕೆಂಡು. ಅಷ್ಟರಲ್ಲಿ ಸಾರ್ ಮೊಮ್ಮಗಳ ನಾಮಕರಣದ ಕಥೆಯನ್ನು ಊಟದ ಪಂಕ್ತಿಯವರೆಗೂ ತಂದಿರುತ್ತಾರೆ. ಎಲ್ಲಕ್ಕಿಂತ ಕ್ರೂರವಾದದ್ದು ಗೆರೆಯ ಮೇಲೆ ಬಿದ್ದ ಕಾಕಿನದು. “ನಂಗೆ ಔಟ್ ಅನ್ನಿಸ್ತು. ಕಣ್ಣು ಸರಿಯಿಲ್ಲ, ನೀನೇ ಹೇಳಪ್ಪ.” ಒಳ್ಳೆಯ ಮನೆಯಲ್ಲಿ ಬೆಳೆದ ಹುಡುಗ ತಲೆ ತಗ್ಗಿಸಿ “ಔಟ್ ಸಾರ್” ಎನ್ನುತ್ತಾನೆ.

ಗುಬ್ಬಿಯ ಸಾರ್ ಈ ವಿದ್ಯೆಯಲ್ಲಿ ಇನ್ನೂ ಒಂದು ಕೈ ಮೇಲು. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಊರು, ವೀರಣ್ಣನವರ ಊರು; ಮಂಡಿ ನೋವಿನ ಪಾತ್ರ ಅಲ್ಲಿ ಸಾಧಾರಣವಾಗಿ ಇರಲು ಸಾಧ್ಯವೇ ಇಲ್ಲ. ಕುಣಿಗಲ್ಲಿನ ಸಾರ್ ಟಿಪ್ಪುವಿನ ಕಾಲದ ಕುದುರೆ ಫಾರಮ್ಮಿನ ಕಡೆ ಕೈ ತೋರಿಸುತ್ತಾರೆ: “ಓಡೋಕೆ ನಮ್ಮೂರಲ್ಲಿ ಕುದುರೆ ಸಾಕಿದಾರಲ್ಲ, ನಾನ್ಯಾಕೆ ಓಡ್ಲಿ?”

ತಿಂಗಳುಗಟ್ಟಲೆ ಸೋತ ತುಮಕೂರಿನ ಹುಡುಗ ಒಂದು ರಾತ್ರಿ ಹಾಸ್ಟೆಲಿನಲ್ಲಿ ಮೊಬೈಲ್ ಹಿಡಿದು ಬಾಕ್ಸಿಂಗ್ ನೋಡುತ್ತಾ ಕೂತ. ಅಲ್ಲಿ ಸಾರ್ ಸಿಕ್ಕರು, ಜಾರ್ಜ್ ಫೋರ್‌ಮನ್ ವೇಷದಲ್ಲಿ. 1994ರ ನವೆಂಬರ್, ವಯಸ್ಸು 45, ಇಷ್ಟು ಹೊಟ್ಟೆ. ಎದುರಿಗೆ 26ರ ಮೈಕಲ್ ಮೂರರ್. ಒಂಬತ್ತು ಸುತ್ತು ಪಾಯಿಂಟಿನಲ್ಲಿ ಮುಂದಿದ್ದ ಮೂರರ್ ಮುದುಕಪ್ಪನ ಎದುರಿಗೇ ನಿಂತು ಆಡುತ್ತಿದ್ದ. ಹತ್ತನೆಯದರಲ್ಲಿ ಒಂದು ಬಲಗೈ ಏಟು. ಮೂರರ್ ಮಲಗಿದ, ಫೋರ್‌ಮನ್ ಮತ್ತೆ ಹೆವಿವೇಟ್ ಚಾಂಪಿಯನ್. ಇನ್ನೊಬ್ಬ ಸಾರ್ ಬರ್ನಾರ್ಡ್ ಹಾಪ್ಕಿನ್ಸ್. 2011ರಲ್ಲಿ 46ನೇ ವಯಸ್ಸಿಗೆ ಪಟ್ಟ ಗೆದ್ದವರು, ಆ ಪಂದ್ಯದ ನಡುವೆಯೇ ಎದುರಾಳಿಯ ಹೊಟ್ಟೆ ಉರಿಸಲು ದಂಡ ಹೊಡೆದವರು! ಅವರನ್ನು 2014ರಲ್ಲಿ ಸೆರ್ಗೆ ಕೊವಲೆವ್ ಹೇಗೆ ಸೋಲಿಸಿದ ಎಂದು ಹುಡುಗ ಮೂರು ಸಲ ನೋಡಿದ. ಕೊವಲೆವ್ ನಾಕೌಟ್‌ಗೆ ಹೆಸರಾದವನು. ಮೊದಲ ಸುತ್ತಿನಲ್ಲೇ ಹಾಪ್ಕಿನ್ಸರನ್ನು ಕೆಡವಿದ. ಆದರೂ ಮೈಮೇಲೆ ಬೀಳಲಿಲ್ಲ. ತಬ್ಬಿ ಹಿಡಿಯಲು, ಮಾತಿಗೆಳೆಯಲು ಅವರಿಗೆ ಹತ್ತಿರವೇ ಸಿಗಲಿಲ್ಲ. ತೋಳಳತೆ ದೂರದಲ್ಲೇ ನಿಂತು, ಎಡಗೈ ಚಾಚಿ ಚಾಚಿ, ಬೇಸರ ಬರುವಷ್ಟು ತಾಳ್ಮೆಯಿಂದ 12 ಸುತ್ತು ಆಡಿದ. ಮೂವರು ತೀರ್ಪುಗಾರರೂ ಎಲ್ಲ ಸುತ್ತನ್ನೂ ಅವನಿಗೇ ಬರೆದರು.

ಮರುದಿನ ಹುಡುಗ ಸ್ಮ್ಯಾಶ್ ಹೊಡೆಯಲಿಲ್ಲ. ನೆಟ್ಟಿನ ಹತ್ತಿರದ ಚಮತ್ಕಾರಕ್ಕೂ ಹೋಗಲಿಲ್ಲ, ಅದು ಸಾರ್ ಅಡುಗೆಮನೆ. ಎತ್ತರಕ್ಕೆ ಎತ್ತಿದ, ಹಿಂದಿನ ಎಡಮೂಲೆಗೆ. ಮತ್ತೆ ಎತ್ತಿದ, ಅಲ್ಲಿಗೇ. ಮುಂದಕ್ಕೆ ಬಾಗುವ ಮಂಡಿ ಹಿಂದಕ್ಕೆ ಓಡಲು ಒಪ್ಪುವುದಿಲ್ಲ. ಕಾಕು ಬಿದ್ದರೆ ತಾನೇ ಎತ್ತಿ ತಟ್ಟನೆ ಕೈಗಿಟ್ಟ. ಲೇಸು ಬಿಚ್ಚಿದರೆ “ಇರಿ ಸಾರ್” ಎಂದು ತಾನೇ ಕೂತು ಕಟ್ಟಿದ. ಅಷ್ಟು ಬೇಗ ಯಾವ ಲೇಸೂ ಕಟ್ಟಿಸಿಕೊಂಡಿರಲಿಲ್ಲ. 18-18ರಲ್ಲಿ ಗೆರೆಯ ಮೇಲೆ ಬಿತ್ತು. “ನೀನೇ ಹೇಳಪ್ಪ.” ಹುಡುಗ ಉಗುಳು ನುಂಗಿ ಹೇಳಿದ: “ಇನ್ ಸಾರ್.”

ಕೋರ್ಟಿನಲ್ಲಿ ಪಾರಿವಾಳ ರೆಕ್ಕೆ ಬಡಿದದ್ದೂ ಕೇಳಿಸಿತು. 21-18.

ಸಾರ್ ಕಾಕನ್ನು ಬೆಳಕಿಗೆ ಹಿಡಿದು ನೋಡಿ “ಈ ಡಬ್ಬಿ ಮಾಲೇ ಸರಿಯಿಲ್ಲ” ಅಂದರು. ಆಮೇಲೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಕ್ಯಾತ್ಸಂದ್ರಕ್ಕೆ ಹೋಗಿ ಹುಡುಗನಿಗೆ ಎರಡು ತಟ್ಟೆ ಇಡ್ಲಿ ಕೊಡಿಸಿದರು. ಬೆಣ್ಣೆ ಕರಗುವಾಗ ಹೆಗಲ ಮೇಲೆ ಕೈ ಹಾಕಿ, “ನಾಳೆಯಿಂದ ನಾವಿಬ್ರೂ ಒಂದೇ ಕಡೆ, ಡಬಲ್ಸ್” ಎಂದರು.

ಈಗ ಸಾರ್ ನೆಟ್ಟಿನ ಮುಂದೆ ನಿಂತು ಮಣಿಕಟ್ಟು ತಿರುಗಿಸುತ್ತಾರೆ. ಹಿಂದಿನ ಎರಡೂ ಮೂಲೆಗೆ ಬರುವ ಕಾಕಿಗೆಲ್ಲ ಹುಡುಗ ಓಡುತ್ತಾನೆ. ತಪ್ಪಿದರೆ ಸಾರ್ ತಿರುಗಿಯೂ ನೋಡದೆ ಹೇಳುತ್ತಾರೆ: “ಪರವಾಗಿಲ್ಲಪ್ಪ, ಇನ್ನೂ ಹುಡುಗ್ರು, ಕಲೀತೀರ.”