ಜಪಸರವೂ ಕುಕ್ಕರಿನ ಸೀಟಿಯೂ

ಸಂಜೆ ಏಳಕ್ಕೆ ಜಪಸರ ಹಿಡಿದು ಕೂತರೆ ಲೆಕ್ಕಕ್ಕೆ 53 ‘ನಮೋ ಮರಿಯಾ’. ನಾನು ಮನಸ್ಸಿಟ್ಟು ಹೇಳುವುದು ಮೊದಲ ಮೂರು. ಉಳಿದ ಐವತ್ತನ್ನು ನಾಲಿಗೆಯೇ ನೋಡಿಕೊಳ್ಳುತ್ತದೆ. ಅಷ್ಟರಲ್ಲಿ ಕುಕ್ಕರ್ ಸೀಟಿ ಹಾಕುತ್ತದೆ. ಮಣಿ ಎಣಿಸಲೋ, ಸೀಟಿ ಎಣಿಸಲೋ? ಮೊನ್ನೆ ಮಣಿಗಳ ಲೆಕ್ಕ ತಪ್ಪಿತು, ಬೇಳೆ ಮಾತ್ರ ಹದವಾಗಿ ಬೆಂದಿತ್ತು.

ಈ ಕಾಯಿಲೆ ದೊಡ್ಡವರಿಗೂ ಇತ್ತೆಂದು ತಿಳಿದಾಗ ಒಳಗೊಳಗೇ ಖುಷಿಯಾಯಿತು (ಅದೂ ಪಾಪವೇ ಇರಬೇಕು). 16ನೇ ಶತಮಾನದ ಸ್ಪೇನಿನ ಸಂತ, ಆವಿಲದ ತೆರೇಸಾ, ಪ್ರಾರ್ಥನೆಯ ಹೊತ್ತು ಯಾವಾಗ ಮುಗಿದೀತೋ ಎಂದು ಗಡಿಯಾರದ ಸದ್ದಿಗೇ ಕಿವಿಗೊಟ್ಟು ಕೂತಿರುತ್ತಿದ್ದುದನ್ನು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೂ ಪ್ರಾರ್ಥನೆ ಬಿಡಲಿಲ್ಲ, ಅದೇ ದೊಡ್ಡ ಮಾತು. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ಪ್ರಾರ್ಥಿಸುವ ಬಗೆಯನ್ನು ತನ್ನ ಕ್ಷೌರಿಕನಿಗೇ ಬರೆದುಕೊಟ್ಟ: ಹರಟುತ್ತಾ ಕತ್ತಿ ಆಡಿಸಿದರೆ ಗಿರಾಕಿಯ ಮೂಗಿಗೆ ಅಪಾಯ, ಪ್ರಾರ್ಥನೆಗೂ ಅಷ್ಟೇ ಗಮನ ಬೇಕು ಎಂದು. ನನ್ನ ಪ್ರಾರ್ಥನೆ ಕ್ಷೌರವಾಗಿದ್ದರೆ ಊರಲ್ಲಿ ಒಂದು ಮೂಗೂ ಉಳಿಯುತ್ತಿರಲಿಲ್ಲ!

“ಮನಸ್ಸು ಎಲ್ಲಿಗೆ ಹೋದರೂ ಊಟದ ಹೊತ್ತಿಗೆ ಮನೆಗೆ ಬರುತ್ತಲ್ಲ, ಸಾಕು ಬಿಡಿ” ಅಂದಳು ಹೆಂಡತಿ.

ಈಗ ಬೇಳೆಯನ್ನು ಆರೂವರೆಗೇ ಬೇಯಿಸಿಬಿಡುತ್ತೇವೆ. ನಿನ್ನೆ ಏಳನೇ ಮಣಿಯವರೆಗೂ ತಲುಪಿದೆ.